ಹ್ಯಾಮಕ್‌ನಲ್ಲಿ ಇಡೀ ರಾತ್ರಿ ನಿದ್ದೆ: ಮಲೆನಾಡಿನ ಮರಗಳ ನಡುವೆ ಹಾಸಿಗೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಹ್ಯಾಮಕ್‌ನಲ್ಲಿ, ಅಂದರೆ ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆಯಲ್ಲಿ ಒರಗುವುದು ಬೇರೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅದರಲ್ಲೇ ಮಲಗುವುದು ಬೇರೆ. ಒರಗುವುದಕ್ಕೆ ಹೇಗೆ ಕಟ್ಟಿದರೂ ನಡೆಯುತ್ತದೆ, ಮಲಗುವುದಕ್ಕೆ ನಡೆಯುವುದಿಲ್ಲ. ಮೊದಲ ರಾತ್ರಿಯೇ ಬೆನ್ನು ಹಿಡಿದುಕೊಂಡು ‘ಇದು ನಮಗೆ ಆಗಿಬರುವುದಿಲ್ಲ’ ಎಂದು ಕೈಬಿಟ್ಟವರಲ್ಲಿ ಹೆಚ್ಚಿನವರ ತಪ್ಪು ಒಂದೇ: ಹಗ್ಗವನ್ನು ಜಗ್ಗಿ ಜಗ್ಗಿ ಬಿಗಿದು, ಬಟ್ಟೆಯನ್ನು ಮಂಚದ ಹಾಗೆ ಮಟ್ಟಸ ಮಾಡಲು ನೋಡಿರುತ್ತಾರೆ. ಹ್ಯಾಮಕ್ ಸಡಿಲವಾಗಿ ಜೋತಿರಬೇಕು, ಅದರಲ್ಲಿ ಓರೆಯಾಗಿ ಮಲಗಬೇಕು, ಬೆನ್ನಿನ ಕೆಳಗೆ ಬೆಚ್ಚನೆಯ ಪದರ ಇರಬೇಕು. ಉಳಿದ ವಿವರಗಳೆಲ್ಲ ಈ ಮೂರನ್ನು ಸರಿಯಾಗಿ ಮಾಡುವುದಕ್ಕೇ.

ನಮ್ಮ ಮನೆಗಳಲ್ಲಿ ತೊಲೆಗೆ ಹಳೆಯ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿ ಇದೆಯಲ್ಲ, ಹ್ಯಾಮಕ್ ಅದರದೇ ದೊಡ್ಡ ರೂಪ ಅನ್ನಿಸುತ್ತದೆ. ಆದರೆ ಜೋಲಿಯಲ್ಲಿ ಬಟ್ಟೆಯ ಎರಡು ಅಂಚೂ ಒಳಕ್ಕೆ ಮಡಚಿ ಮಗುವನ್ನು ಅವಚಿಕೊಳ್ಳುತ್ತವೆ. ಮೈ ಮುದುಡಿ ಮಲಗುವ ಕೂಸಿಗೆ ಅದೇ ಹಿತ. ದೊಡ್ಡವರು ಹಾಗೆಯೇ ಉದ್ದಕ್ಕೆ ಮಲಗಿದರೆ ಭುಜ ಹಿಂಡುತ್ತದೆ, ಸೊಂಟ ಕುಸಿಯುತ್ತದೆ, ಮೈ ಬಾಳೆಹಣ್ಣಿನಂತೆ ಬಾಗುತ್ತದೆ. ಹ್ಯಾಮಕ್ ಹುಟ್ಟಿದ್ದು ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ, ಮಧ್ಯ ಅಮೆರಿಕದಲ್ಲಿ. ‘ಹಮಾಕ’ ಎಂಬುದು ಕೆರಿಬಿಯನ್ನಿನ ಮೂಲನಿವಾಸಿಗಳಾದ ಟೈನೊ ಜನರ ಮಾತು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಜನ ಅದರಲ್ಲೇ ಮಲಗುತ್ತಿದ್ದರು. ಮೆಕ್ಸಿಕೊದ ಯುಕಟಾನ್‌ನಲ್ಲಿ, ಬ್ರೆಜಿಲ್‌ನ ಉತ್ತರ ಭಾಗದಲ್ಲಿ ಈಗಲೂ ಅದು ದಿನನಿತ್ಯದ ಹಾಸಿಗೆ. ಅವರು ಮಲಗುವುದು ಓರೆಯಾಗಿ.

ಏನು ಕೊಳ್ಳಬೇಕು

ಎರಡು ತುದಿಯಲ್ಲೂ ಮರದ ಕೋಲು ಸಿಕ್ಕಿಸಿ ಬಟ್ಟೆಯನ್ನು ಅಗಲ ಮಾಡಿರುವ ಹ್ಯಾಮಕ್ ಬೇಡ. ಅದು ರೆಸಾರ್ಟಿನ ಅಂಗಳಕ್ಕೆ ಚೆಂದ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಮಗುಚಿಕೊಳ್ಳುತ್ತದೆ. ದಾರದ ಬಲೆಯಂಥದ್ದೂ ಬೇಡ, ಅದರಲ್ಲಿ ಕೆಳಗಿನಿಂದ ಗಾಳಿ ನೇರವಾಗಿ ಮೈಗೆ ಹೊಡೆಯುತ್ತದೆ. ಬೇಕಾದದ್ದು ರಿಪ್‌ಸ್ಟಾಪ್ (ಒಂದು ಕಡೆ ಹರಿದರೂ ಹರಿವು ಹಬ್ಬದಂತೆ ನೇಯ್ದ) ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯ, ಎರಡು ತುದಿಯನ್ನೂ ನೆರಿಗೆ ಹಿಡಿದು ಕಟ್ಟಿರುವ ಸಾದಾ ಹ್ಯಾಮಕ್.

ಕೊಳ್ಳುವಾಗ ಅಗಲಕ್ಕಿಂತ ಉದ್ದ ನೋಡಿ. ‘ಡಬಲ್’ ಎಂದು ಮಾರುವ ಅಗ್ಗದ ಹ್ಯಾಮಕ್‌ಗಳು ಅಗಲವಿದ್ದರೂ ಉದ್ದ ಒಂಬತ್ತು ಅಡಿಯಷ್ಟೇ ಇರುವುದುಂಟು. ಓರೆಯಾಗಿ ಮಲಗಲು ಬೇಕಾದ ಸಡಿಲ ಅಷ್ಟರಲ್ಲಿ ಸಿಗುವುದಿಲ್ಲ. ಐದೂವರೆ ಅಡಿಯೊಳಗಿನವರಿಗೆ 10 ಅಡಿ ಸಾಕು, ಅದಕ್ಕಿಂತ ಎತ್ತರದವರಿಗೆ 11 ಅಡಿ ಬೇಕು. ಅಗಲ 5 ಅಡಿ ಇದ್ದರೆ ಚೆನ್ನ.

ಮರಕ್ಕೆ ಸುತ್ತುವ ಪಟ್ಟಿ ಕನಿಷ್ಠ 2.5 ಸೆಂ.ಮೀ. ಅಗಲದ್ದಾಗಿರಲಿ, ತೊಗಟೆ ಮೆತ್ತಗಿರುವ ಮರಕ್ಕೆ 5 ಸೆಂ.ಮೀ. ಇನ್ನೂ ಒಳ್ಳೆಯದು. ಪಟ್ಟಿ ಪಾಲಿಯೆಸ್ಟರ್ ಆಗಿರಬೇಕು, ನೈಲಾನ್ ಅಲ್ಲ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನಷ್ಟು. ಮಂಡಿಯೆತ್ತರದಲ್ಲಿ ಮಲಗಿದವರು ನಡುರಾತ್ರಿಯ ಹೊತ್ತಿಗೆ ನೆಲ ಸವರುತ್ತಿರುತ್ತಾರೆ. ಕೊಟ್ಟಿಗೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಹಗ್ಗವನ್ನು ಮರಕ್ಕೆ ಬಿಗಿಯಬೇಡಿ. ಸಣ್ಣ ಹಗ್ಗ ತೊಗಟೆಯನ್ನು ಕೊರೆಯುತ್ತದೆ, ತೊಗಟೆಯ ಒಳಪದರ ಕಡಿದರೆ ಮರ ಸೊರಗುತ್ತದೆ. ಪಟ್ಟಿಗೆ ಹ್ಯಾಮಕ್ ಸಿಕ್ಕಿಸುವ ಕೊಂಡಿಗಳ ಮೇಲೆ ಎಷ್ಟು ಭಾರ ತಡೆಯುತ್ತದೆ ಎಂದು ಅಚ್ಚು ಹಾಕಿರಬೇಕು. ಬೀಗದ ಕೈ ಗೊಂಚಲಿಗೆ ಸಿಕ್ಕಿಸುವ ಬಣ್ಣದ ಕೊಂಡಿ ಮನುಷ್ಯನ ಭಾರಕ್ಕಲ್ಲ.

ಇನ್ನೊಂದು ಚಿಕ್ಕ ಸಾಮಾನು ಬಹಳ ಕೆಲಸಕ್ಕೆ ಬರುತ್ತದೆ: ಹ್ಯಾಮಕ್‌ನ ಎರಡು ತುದಿಗಳ ನಡುವೆ ಮೇಲುಗಡೆ ಕಟ್ಟುವ, ಹಿಗ್ಗದ 2-3 ಮಿ.ಮೀ. ದಾರ. ಇದನ್ನು ರಿಡ್ಜ್‌ಲೈನ್ ಎನ್ನುತ್ತಾರೆ. ಇದರ ಉದ್ದ ಹ್ಯಾಮಕ್‌ನ ಉದ್ದದ ಶೇ. 83ರಷ್ಟಿರಲಿ. 11 ಅಡಿ, ಅಂದರೆ 335 ಸೆಂ.ಮೀ. ಹ್ಯಾಮಕ್‌ಗೆ 278 ಸೆಂ.ಮೀ. ದಾರ. ಮರಗಳು ಹತ್ತಿರವಿರಲಿ ದೂರವಿರಲಿ, ಬಟ್ಟೆಯ ಜೋಲು ಪ್ರತಿ ರಾತ್ರಿಯೂ ಒಂದೇ ಥರ ಇರುವಂತೆ ಈ ದಾರ ನೋಡಿಕೊಳ್ಳುತ್ತದೆ. ಒಮ್ಮೆ ಹಿತವಾದ ಅಳತೆ ಸಿಕ್ಕಿತೆಂದರೆ ಮತ್ತೆ ಬದಲಿಸುವ ಕೆಲಸವಿಲ್ಲ. ಟಾರ್ಚು, ಕನ್ನಡಕದ ಚೀಲ ನೇತುಹಾಕಲೂ ಇದೇ ಗೂಟ.

ಜಾಗ ಮತ್ತು ಮರ

ಮೀಸಲು ಅರಣ್ಯ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಹೆಚ್ಚಿನವರಿಗೆ ಒದಗುವುದು ಪರಿಚಯದವರ ತೋಟ ಅಥವಾ ಹೋಮ್‌ಸ್ಟೇಯ ಹಿತ್ತಲು. ತೋಟದವರನ್ನು ಮೊದಲು ಕೇಳಬೇಕಾದ ಮಾತು: ಈ ಕಡೆ ಆನೆ ಬರುತ್ತದೆಯೇ? ಸಕಲೇಶಪುರ, ಆಲೂರು, ಕೊಡಗಿನ ಕಡೆಯ ಕಾಫಿ ತೋಟಗಳಲ್ಲಿ ಆನೆಗಳು ರಾತ್ರಿ ಓಡಾಡುತ್ತವೆ. ಹೌದು ಎಂದರೆ ಅಲ್ಲಿ ಹೊರಗೆ ಮಲಗುವ ಯೋಚನೆಯನ್ನೇ ಬಿಡಿ. ಅದಕ್ಕೆ ಯಾವ ಉಪಾಯವೂ ಇಲ್ಲ.

ಕಾಲ ಯಾವುದು? ಮಳೆ ಹಿಂದಾದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಮರದ ಕೆಳಗೆ ಮಲಗಬಾರದು. ಮಣ್ಣು ನೀರು ಕುಡಿದು ಬೇರು ಸಡಿಲವಾಗಿರುತ್ತದೆ. ಹಸಿರಾಗಿರುವ ಮರವೂ ಗಾಳಿಗೆ ಬುಡಸಮೇತ ಮಗುಚುತ್ತದೆ.

ಮರ ಆರಿಸುವಾಗ ಮೊದಲು ಕತ್ತೆತ್ತಿ ನೋಡಿ. ಒಣಗಿದ ಕೊಂಬೆ, ಸಿಕ್ಕಿಕೊಂಡು ನೇತಾಡುವ ಮುರುಕು, ಜೇನು, ಕಣಜದ ಗೂಡು, ಎಲೆ ಹೊಲಿದು ಮಾಡಿದ ಚಿಗಳಿ ಇರುವೆಯ ಕೊಟ್ಟೆ ಯಾವುದೂ ಇರಬಾರದು. ಆಮೇಲೆ ಕಾಂಡ ನೋಡಿ: ಜೀವವಿರುವ, ಎದೆಮಟ್ಟದಲ್ಲಿ ಕನಿಷ್ಠ 15 ಸೆಂ.ಮೀ. ದಪ್ಪದ ಮರ ಬೇಕು. ಎರಡೂ ಕೈಯಿಂದ ದೂಡಿದಾಗ ತಲೆ ಅಲ್ಲಾಡಿದರೆ ಅದನ್ನು ಬಿಡಿ.

ತೋಟದಲ್ಲಿ ಕಣ್ಣಿಗೆ ಮೊದಲು ಬೀಳುವುದು ಅಡಿಕೆ ಮರ. ಸಾಲಾಗಿ, ನೇರವಾಗಿ, ಹ್ಯಾಮಕ್‌ಗೆಂದೇ ನೆಟ್ಟ ಹಾಗೆ ಇರುತ್ತದೆ. ಆದರೆ ಅದು ಸಣಕಲು, ಭಾರಕ್ಕೆ ಬಾಗುತ್ತದೆ, ಜೊತೆಗೆ ಹೆಡೆ ಯಾವಾಗ ಕಳಚಿ ಬೀಳುತ್ತದೋ ಹೇಳಲಾಗದು. ತೆಂಗಿನ ಮರವಂತೂ ಬೇಡವೇ ಬೇಡ. ಫಲ ಬಿಟ್ಟಿರುವ ಹಲಸು ಕೂಡ ಹಾಗೆಯೇ. ಸಿಲ್ವರ್ ಓಕ್ ಕಾಂಡ ಗಟ್ಟಿಯಾದರೂ ಅದರ ಕೊಂಬೆಗಳು ಗಾಳಿಗೆ ಬೇಗ ಮುರಿಯುತ್ತವೆ, ಮತ್ತು ಬಹುಪಾಲು ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬಳ್ಳಿಯ ಮೇಲೆ ಪಟ್ಟಿ ಬಿಗಿದರೆ ತೋಟದವರ ವರ್ಷಗಳ ಶ್ರಮವನ್ನು ಒಂದೇ ರಾತ್ರಿಯಲ್ಲಿ ಜಜ್ಜಿದಂತೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಲುವಾಣಕ್ಕೆ ಮುಳ್ಳು. ಕಾಡಂಚಿನಲ್ಲಿ ಹೊಲಗೇರು ಜಾತಿಯ ಮರಗಳನ್ನು ಗುರುತಿಸಲು ಬಾರದಿದ್ದರೆ ಸ್ಥಳೀಯರನ್ನು ಕೇಳಿ. ಅದರ ಸೊನೆ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ. ಬಲಿತ ಮಾವು, ತೇಗ, ಹೊನ್ನೆಯಂಥ ಗಟ್ಟಿ ಮರಗಳು ಸಿಕ್ಕರೆ ಅದೃಷ್ಟ.

ಮರ ಸಿಗದಿದ್ದರೆ ಗೇಟಿನ ಇಟ್ಟಿಗೆ ಕಂಬಕ್ಕೋ ಕಾಂಪೌಂಡ್ ಗೋಡೆಗೋ ಕಟ್ಟುವ ಯೋಚನೆ ಬರುತ್ತದೆ. ಬೇಡ. ಹ್ಯಾಮಕ್ ಕಂಬವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಎಳೆಯುತ್ತದೆ. ಒಂಟಿಯಾಗಿ ನಿಂತ ಇಟ್ಟಿಗೆ ಕಂಬ ಆ ಅಡ್ಡ ಎಳೆತ ತಾಳುವುದಿಲ್ಲ, ಕುಸಿದರೆ ಬೀಳುವುದು ಮಲಗಿದವರ ಮೈಮೇಲೆ.

ಕಟ್ಟುವ ಕ್ರಮ

1. ಎರಡು ಮರಗಳ ನಡುವೆ 12ರಿಂದ 15 ಅಡಿ ಇರಲಿ. ದೊಡ್ಡ ಹೆಜ್ಜೆಯಲ್ಲಿ ಐದರಷ್ಟು. 11 ಅಡಿ ಹ್ಯಾಮಕ್‌ಗೆ 13 ಅಡಿ ಬಹಳ ಅನುಕೂಲದ ದೂರ.

2. ಕೆಳಗಿನ ಕಲ್ಲು, ಕೊರಡು, ಕತ್ತರಿಸಿದ ಕಾಫಿ ಗಿಡದ ಚೂಪು ಕೂಳೆಗಳನ್ನು ನೋಡಿ. ತೆಗೆಯಲಾಗದಿದ್ದರೆ ಜಾಗ ಬದಲಿಸಿ.

3. ಪಟ್ಟಿಯನ್ನು ಮರಕ್ಕೆ ಸುತ್ತಿ, ಒಂದು ತುದಿಯ ಕುಣಿಕೆಯೊಳಗೆ ಇನ್ನೊಂದು ತುದಿ ತೂರಿಸಿ ಎಳೆಯಿರಿ. 13 ಅಡಿ ದೂರಕ್ಕೆ ಪಟ್ಟಿ ನೆಲದಿಂದ ಸುಮಾರು ಐದೂವರೆ ಅಡಿ ಮೇಲಿರಲಿ. ಮರಗಳ ದೂರ ಒಂದು ಅಡಿ ಹೆಚ್ಚಾದಂತೆಲ್ಲ ಪಟ್ಟಿಯನ್ನು 9 ಸೆಂ.ಮೀ.ನಷ್ಟು ಏರಿಸಬೇಕು, 15 ಅಡಿಯಾದರೆ ಆರಡಿ ದಾಟುತ್ತದೆ.

4. ಹ್ಯಾಮಕ್‌ನ ತುದಿಗಳನ್ನು ಕೊಂಡಿಯಲ್ಲಿ ಸಿಕ್ಕಿಸಿ, ಪಟ್ಟಿ ನೆಲಕ್ಕೆ 30 ಡಿಗ್ರಿ ಓರೆಯಾಗುವಂತೆ ಸಡಿಲ ಬಿಡಿ. ಕೋನ ಅಳೆಯಲು ಕೈಯೇ ಸಾಕು. ಮರದ ಪಕ್ಕ ನಿಂತು ತೋರುಬೆರಳನ್ನು ಹ್ಯಾಮಕ್ ಕಡೆಗೆ ಅಡ್ಡಲಾಗಿ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ಮೇಲೆತ್ತಿ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಗೆರೆ ಎಳೆದಂತೆ ಕಲ್ಪಿಸಿಕೊಳ್ಳಿ. ಪಟ್ಟಿ ಆ ಗೆರೆಗೆ ಹೊಂದಿದರೆ 30 ಡಿಗ್ರಿಗೆ ಹತ್ತಿರವಿದೆ.

5. ಕಾಲಿನ ಕಡೆಯನ್ನು ತಲೆಯ ಕಡೆಗಿಂತ 15ರಿಂದ 20 ಸೆಂ.ಮೀ. ಮೇಲೆ ಕಟ್ಟಿ. ಮುಂಡದ ಭಾರ ಹೆಚ್ಚಿರುವುದರಿಂದ ಎರಡೂ ಸಮ ಕಟ್ಟಿದರೆ ಮೈ ರಾತ್ರಿಯಿಡೀ ಕಾಲಿನ ಕಡೆಗೆ ಜಾರುತ್ತದೆ.

6. ನಡುವೆ ಕೈಯೂರಿ ನಿಧಾನವಾಗಿ ಭಾರ ಬಿಟ್ಟು ನೋಡಿ, ಆಮೇಲೆ ಕೂತುಕೊಳ್ಳಿ. ಕೂತಾಗ ಬಟ್ಟೆ ಕುರ್ಚಿಯ ಎತ್ತರಕ್ಕೆ, ಅಂದರೆ ನೆಲದಿಂದ 45 ಸೆಂ.ಮೀ.ಗೆ ಬರಬೇಕು. ರಿಡ್ಜ್‌ಲೈನನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ: ಸ್ವಲ್ಪ ಬಾಗಿದರೆ ಸರಿ, ತಂತಿಯಂತೆ ಬಿಗಿದಿದ್ದರೆ ಪಟ್ಟಿ ಸಡಿಲಿಸಿ.

30 ಡಿಗ್ರಿಗೆ ಇಷ್ಟು ಒತ್ತು ಏಕೆಂದರೆ, 70 ಕೆ.ಜಿ. ತೂಕದವರು ಮಲಗಿದಾಗ ಆ ಕೋನದಲ್ಲಿ ಪ್ರತಿ ಪಟ್ಟಿಯ ಮೇಲೆ ಬೀಳುವ ಎಳೆತ 70 ಕೆ.ಜಿ.ಯಷ್ಟೇ. ಪಟ್ಟಿಯನ್ನು 10 ಡಿಗ್ರಿಗೆ ಬಿಗಿದರೆ ಅದು 200 ಕೆ.ಜಿ. ದಾಟುತ್ತದೆ, 5 ಡಿಗ್ರಿಗೆ 400 ಕೆ.ಜಿ. ಬಾವಿಯ ಹಗ್ಗವನ್ನು ಇಬ್ಬರು ಎರಡು ಕಡೆ ಬಿಗಿಯಾಗಿ ಹಿಡಿದು ನಡುವೆ ಒಂದು ಕೊಡ ನೇತುಹಾಕಿದರೆ ಕೈ ಎಷ್ಟು ಸೋಲುತ್ತದೆಂದು ನೆನೆಸಿಕೊಳ್ಳಿ. ಹೊಲಿಗೆ ಬಿಡುವುದು, ಕೊಂಡಿ ಬಾಗುವುದು, ತೊಗಟೆ ಸುಲಿಯುವುದು ಎಲ್ಲ ಈ ಬಿಗಿತದಿಂದಲೇ.

ಓರೆಯಾಗಿ ಮಲಗುವುದು

ನಡುವೆ ಕೂತು, ಕಾಲೆತ್ತಿ ಒಳಗೆ ಹಾಕಿ, ಮೊದಲು ಉದ್ದಕ್ಕೆ ಒರಗಿ. ಈಗ ತಲೆಯನ್ನು ನಡುಗೆರೆಯಿಂದ ಒಂದಡಿ ಎಡಕ್ಕೂ ಕಾಲನ್ನು ಒಂದಡಿ ಬಲಕ್ಕೂ ಸರಿಸಿ. ಸರಿಯುತ್ತಿದ್ದಂತೆ ಬೆನ್ನಿನ ಕೆಳಗೆ ಬಟ್ಟೆ ಬಿಚ್ಚಿಕೊಂಡು ಚಪ್ಪಟೆಯಾಗುವುದು ಗೊತ್ತಾಗುತ್ತದೆ, ಭುಜ ಹಿಡಿದಿದ್ದ ಅಂಚುಗಳು ಹೊರಕ್ಕೆ ವಾಲುತ್ತವೆ. ಕೆಲವರಿಗೆ ತಲೆ ಬಲ, ಕಾಲು ಎಡ ಇದ್ದರೆ ಹೆಚ್ಚು ಹಿತ. ಎರಡನ್ನೂ ಹತ್ತು ಹತ್ತು ನಿಮಿಷ ನೋಡಿ ನಿರ್ಧರಿಸಿ. ಮಗ್ಗುಲಾಗಿ, ಮಂಡಿ ಮಡಚಿಯೂ ಮಲಗಬಹುದು. ಬೋರಲು ಮಲಗುವ ಅಭ್ಯಾಸದವರಿಗೆ ಮಾತ್ರ ಹ್ಯಾಮಕ್ ಒಗ್ಗುವುದು ಕಷ್ಟ.

ತಲೆದಿಂಬು ಮನೆಯದರ ಅರ್ಧ ದಪ್ಪವಿರಲಿ. ಬಟ್ಟೆಯೇ ತಲೆಯನ್ನು ಎತ್ತಿ ಹಿಡಿದಿರುತ್ತದೆ. ದಪ್ಪ ದಿಂಬಿಟ್ಟರೆ ಗದ್ದ ಎದೆಗೆ ತಾಗಿ ಬೆಳಿಗ್ಗೆ ಕುತ್ತಿಗೆ ನೋಯುತ್ತದೆ. ದಿಂಬನ್ನು ತಲೆಗಿಂತ ಕುತ್ತಿಗೆಯ ಕೆಳಗೆ ಇಡಿ.

ಬಹಳ ಜನರನ್ನು ಕಾಡುವುದು ಮೀನಖಂಡದ ಕೆಳಗೆ ಏಳುವ ಬಟ್ಟೆಯ ಏಣು. ಅದು ಕಾಲನ್ನು ಮೇಲಕ್ಕೆ ಒತ್ತುತ್ತದೆ, ಮಂಡಿ ಹಿಂದಕ್ಕೆ ಬಾಗಿದಂತಾಗಿ ಗಂಟೆಯೊಳಗೆ ನೋವು ಶುರುವಾಗುತ್ತದೆ. ಮಡಚಿದ ಸ್ವೆಟರನ್ನು ಮಂಡಿಯ ಕೆಳಗಿಟ್ಟರೆ ತಕ್ಷಣ ಶಮನ. ಮೂಲ ಕಾರಣ ಬೇರೆ: ಹ್ಯಾಮಕ್‌ನ ಉದ್ದ ನಿಮ್ಮ ಎತ್ತರಕ್ಕೆ ಸಾಲದು, ಅಥವಾ ರಿಡ್ಜ್‌ಲೈನ್ ಉದ್ದವಾಗಿ ಬಟ್ಟೆ ಬಿಗಿದಿದೆ, ಅಥವಾ ಕಾಲಿನ ಕಡೆ ಏರಿಸಿದ್ದು ಹೆಚ್ಚು ಕಡಿಮೆಯಾಗಿದೆ. ದಾರವನ್ನು ಒಮ್ಮೆಗೆ 3 ಸೆಂ.ಮೀ.ನಂತೆ ಗಿಡ್ಡ ಮಾಡುತ್ತ ನೋಡಿ. ಭುಜ ಹಿಂಡಿದರೂ ಇದೇ ಮದ್ದು.

ಚಳಿ ಬರುವುದು ಕೆಳಗಿನಿಂದ

ಮಲೆನಾಡಿನಲ್ಲಿ ಡಿಸೆಂಬರ್, ಜನವರಿಯ ಮುಂಜಾವಿಗೆ 12ರಿಂದ 15 ಡಿಗ್ರಿ ಸಾಮಾನ್ಯ. ಅಷ್ಟಕ್ಕೆ ಇಳಿಯುವುದೂ ಬೇಡ, 20 ಡಿಗ್ರಿಯಲ್ಲೇ ಹ್ಯಾಮಕ್‌ನಲ್ಲಿ ಬೆನ್ನು ಮತ್ತು ಪಿರ್ರೆ ಕೊರೆಯತೊಡಗುತ್ತವೆ. ದಪ್ಪ ಸ್ಲೀಪಿಂಗ್ ಬ್ಯಾಗಿನೊಳಗೆ ಇದ್ದೂ ನಡುಗುವವರಿದ್ದಾರೆ. ಬ್ಯಾಗಿನ ಹತ್ತಿ, ಗರಿ ಅಥವಾ ಪಾಲಿಯೆಸ್ಟರ್ ತುಂಬು ತಾನಾಗಿ ಬೆಚ್ಚಗಿರುವುದಿಲ್ಲ. ಅದು ಹಿಡಿದಿಟ್ಟ ಗಾಳಿ ಬೆಚ್ಚಗಿಡುತ್ತದೆ. ಮೈಭಾರಕ್ಕೆ ಅದು ಅಮುಕಿಹೋದರೆ ಗಾಳಿಯೂ ಹೋಯಿತು. ಕೆಳಗೆ ನೆಲವಿಲ್ಲ, ಬೀಸುವ ತಣ್ಣನೆ ಗಾಳಿ ತೆಳು ಬಟ್ಟೆಯ ಮೂಲಕ ಮೈಯ ಕಾವನ್ನು ಎಳೆದೊಯ್ಯುತ್ತದೆ.

ಪಕ್ಕಾ ಪರಿಹಾರವೆಂದರೆ ಅಂಡರ್‌ಕ್ವಿಲ್ಟ್: ಹ್ಯಾಮಕ್‌ನ ಹೊರಗೆ, ಕೆಳಗಡೆ ತೂಗುಹಾಕುವ ರಜಾಯಿ. ಹೊರಗಿರುವುದರಿಂದ ಅಮುಕುವುದಿಲ್ಲ. ಕಟ್ಟಿದ ಮೇಲೆ ನೀವು ಒಳಗೆ ಮಲಗಿ, ಜೊತೆಯವರಿಗೆ ಹ್ಯಾಮಕ್ ಮತ್ತು ಕ್ವಿಲ್ಟಿನ ನಡುವೆ ಕೈ ತೂರಿಸಲು ಹೇಳಿ. ಭುಜದಿಂದ ಪಿರ್ರೆಯವರೆಗೆ ಅಂಗೈಯ ಒಂದು ಬದಿಗೆ ನಿಮ್ಮ ಬೆನ್ನು, ಇನ್ನೊಂದು ಬದಿಗೆ ಕ್ವಿಲ್ಟ್ ಮೆತ್ತಗೆ ತಾಗುತ್ತಿರಬೇಕು. ಕೈ ಖಾಲಿಯಾಗಿ ಆಡಿದರೆ ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಎಲಾಸ್ಟಿಕ್ ದಾರ ಬಿಗಿ ಮಾಡಿ. ಕೈ ಹೋಗುವುದೇ ಕಷ್ಟವಾದರೆ ತುಂಬು ಅಮುಕುತ್ತಿದೆ, ಸಡಿಲಿಸಿ. ಎರಡು ತುದಿಯಲ್ಲಿ ಗಾಳಿ ನುಗ್ಗದಂತೆ ನೆರಿಗೆದಾರ ಎಳೆಯಲು ಮರೆಯಬೇಡಿ.

ಅದು ದುಬಾರಿ ಎನ್ನುವವರಿಗೆ 8-10 ಮಿ.ಮೀ. ಫೋಮ್ ಚಾಪೆ ಇದೆ. ಹ್ಯಾಮಕ್‌ನೊಳಗೆ ಓರೆಯಾಗಿ ಹಾಸಬೇಕು. 50 ಸೆಂ.ಮೀ. ಅಗಲದ ಚಾಪೆ ಭುಜಕ್ಕೆ ಸಾಲದು. ಇನ್ನೊಂದು ತುಂಡನ್ನು ಭುಜದ ಬಳಿ ಅಡ್ಡ ಹಾಕಿ. ಮಗ್ಗುಲು ಬದಲಿಸಿದಾಗ ಚಾಪೆ ಜಾರುವುದು ಇದರ ತೊಂದರೆ. ಎರಡು ಪದರದ ಹ್ಯಾಮಕ್ ಆದರೆ ಪದರಗಳ ನಡುವೆ ಸೇರಿಸಿಬಿಡಿ.

ಮನೆಯ ಉಣ್ಣೆ ಕಂಬಳಿಯೂ 18-20 ಡಿಗ್ರಿಯ ರಾತ್ರಿಗಳಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ಮಡಿಕೆ ಮಾಡಿ, ನಾಲ್ಕು ಮೂಲೆಯನ್ನೂ ಎಲಾಸ್ಟಿಕ್ ದಾರದಿಂದ ರಿಡ್ಜ್‌ಲೈನಿನ ಎರಡು ತುದಿಗಳಿಗೆ ಕಟ್ಟಿ ಹ್ಯಾಮಕ್‌ನ ಅಡಿಗೆ ತೂಗುಹಾಕಿ. ಇಬ್ಬನಿಗೆ ತುಸು ಒದ್ದೆಯಾದರೂ ಉಣ್ಣೆ ಪೂರ್ತಿ ತಣ್ಣಗಾಗುವುದಿಲ್ಲ. ಕೌದಿ ಬೇಡ: ಹತ್ತಿ ತೇವ ಹೀರಿ ಭಾರವಾಗಿ ಕೆಳಕ್ಕೆ ಜೋತುಬೀಳುತ್ತದೆ. ಮೇಲೆ ಹೊದೆಯಲು ಸ್ಲೀಪಿಂಗ್ ಬ್ಯಾಗಿನ ಜಿಪ್ ಬಿಚ್ಚಿ, ಪಾದದ ಭಾಗ ಮಾತ್ರ ಮುಚ್ಚಿಟ್ಟು ರಗ್ಗಿನಂತೆ ಬಳಸಿ. ತೂಗಾಡುವ ಹಾಸಿಗೆಯಲ್ಲಿ ಬ್ಯಾಗಿನೊಳಗೆ ನುಸುಳುವ ಸರ್ಕಸ್ ತಪ್ಪುತ್ತದೆ. ಕಾಲುಚೀಲ, ತಲೆಗೆ ಟೊಪ್ಪಿ ಇರಲಿ.

ತಾಡಪಾಲು ಮತ್ತು ನೀರಿನ ದಾರಿ

ಮಳೆಗಾಲವಲ್ಲದಿದ್ದರೂ ಮೇಲೆ ಮರೆ ಬೇಕು. ಮಂಜು ಎಲೆಗಳ ಮೇಲೆ ಕೂಡಿ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ತಾಡಪಾಲು 11 ಅಡಿ ಹ್ಯಾಮಕ್‌ಗೆ ಸರಿ. ತುದಿಗಳ ಎರಡೂ ಕಡೆ ಕನಿಷ್ಠ 15 ಸೆಂ.ಮೀ. ಮುಂದೆ ಚಾಚಿರಬೇಕು. ಅಡಿಕೆ ಒಣಗಿಸುವ ಸಾದಾ ತಾಡಪಾಲೂ ನಡೆಯುತ್ತದೆ, ಹೊರಲು ಭಾರ ಅಷ್ಟೇ. ಮೊದಲು ಮೇಲಿನ ಹಗ್ಗವನ್ನು ಹ್ಯಾಮಕ್ ಪಟ್ಟಿಗಿಂತ ಮೇಲೆ, ಬಿಗಿಯಾಗಿ ಕಟ್ಟಿ. ಮಲಗಿದಾಗ ಹ್ಯಾಮಕ್ ತಗ್ಗುತ್ತದೆ, ತಾಡಪಾಲು ತಗ್ಗುವುದಿಲ್ಲ, ಹಾಗಾಗಿ ನಡುವೆ ಒಂದು ಗೇಣು ಸಾಕು. ನಾಲ್ಕು ಮೂಲೆಗಳನ್ನು ಗೂಟಕ್ಕೆ ಎಳೆಯಿರಿ. ಗಾಳಿ ಬರುವ ಕಡೆಯ ಅಂಚನ್ನು ತಗ್ಗಿಸಿ, ಎದುರಿನದನ್ನು ಮೇಲಿಡಿ.

ತಾಡಪಾಲು ಸರಿಯಾಗಿದ್ದೂ ಬೆಳಿಗ್ಗೆ ಕಾಲಡಿ ಒದ್ದೆಯಾಗಿದ್ದರೆ ನೀರು ಬಂದದ್ದು ಮರದಿಂದ. ಕಾಂಡದ ಮೇಲೆ ಇಳಿಯುವ ಹನಿ ಪಟ್ಟಿಯನ್ನು ಮುಟ್ಟುತ್ತದೆ, ಅದರ ಕೆಳಮೈಗೆ ಅಂಟಿಕೊಂಡು ತೆವಳುತ್ತ ಕೊಂಡಿ ದಾಟಿ ಬಟ್ಟೆಗೆ ಸೇರುತ್ತದೆ. ತಾಡಪಾಲಿನ ಅಂಚಿನ ಒಳಗೆ, ಕೊಂಡಿಗಿಂತ ಮೊದಲು, ಪಟ್ಟಿಗೆ ಒಂದು ಗೇಣುದ್ದ ಹತ್ತಿ ದಾರವನ್ನು ಗಂಟು ಹಾಕಿ ಇಳಿಬಿಡಿ. ಹನಿ ಅಲ್ಲಿಗೆ ಬಂದು ತಡೆಯುತ್ತದೆ, ದಾರವನ್ನು ಹಿಡಿದು ಕೆಳಗಿಳಿದು ನೆಲಕ್ಕೆ ಬೀಳುತ್ತದೆ. ಎರಡೂ ಕಡೆ ಕಟ್ಟಬೇಕು. ಎರಡು ರೂಪಾಯಿಯ ದಾರ ಹಾಸಿಗೆಯನ್ನು ಉಳಿಸುತ್ತದೆ.

ಸೊಳ್ಳೆ, ಉಂಬಳ, ಉಣುಗು

ಸೊಳ್ಳೆಪರದೆ ಹ್ಯಾಮಕ್‌ನ ಸುತ್ತಲೂ ಚೀಲದಂತೆ ಆವರಿಸಬೇಕು. ಮೇಲಷ್ಟೇ ಮುಚ್ಚಿದರೆ ತೆಳು ಬಟ್ಟೆಯ ಮೂಲಕ ಬೆನ್ನಿಗೇ ಕಚ್ಚುತ್ತವೆ. ಅಂಡರ್‌ಕ್ವಿಲ್ಟ್ ಅಥವಾ ಚಾಪೆ ಇದ್ದರೆ ಆ ಕಾಟ ತಪ್ಪುತ್ತದೆ.

ಉಂಬಳ ನೆಲದಲ್ಲಿಟ್ಟ ಸಾಮಾನಿನ ಮೂಲಕ ಹತ್ತುತ್ತದೆ. ಶೂಗಳನ್ನು ರಿಡ್ಜ್‌ಲೈನಿಗೋ ನೆಲಕ್ಕೆ ನೆಟ್ಟ ಕೋಲಿಗೋ ಬೋರಲಾಗಿ ಸಿಕ್ಕಿಸಿ. ಬೆಳಿಗ್ಗೆ ಹಾಕಿಕೊಳ್ಳುವ ಮುನ್ನ ಕೊಡವಿ. ಚೇಳೂ ಇದರಿಂದ ದೂರ.

ಹ್ಯಾಮಕ್ ನೆಲದಿಂದ ಮೇಲಿದ್ದರೂ ಅಲ್ಲಿಗೆ ಹೋಗುವುದು ತರಗೆಲೆ ತುಳಿದುಕೊಂಡೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ, ಅದರ ಕಾಲವೂ ನವೆಂಬರ್‌ನಿಂದ ಮೇವರೆಗೆ, ಅಂದರೆ ಹೊರಗೆ ಮಲಗಲು ಹಿತವಾದ ತಿಂಗಳುಗಳೇ. ಮಂಗ ಸತ್ತ ಸುದ್ದಿಯಿರುವ ಕಡೆ ಹೋಗಬೇಡಿ. ಬೇರೆಡೆಯೂ ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಮಲಗುವ ಮುನ್ನ ಟಾರ್ಚ್ ಬೆಳಕಿನಲ್ಲಿ ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಸುತ್ತ, ಕಂಕುಳು ನೋಡಿ. ಅಂಥ ಊರಿಗೆ ಹೋಗಿಬಂದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಎಲ್ಲಿ ಮಲಗಿದ್ದಿರೆಂದು ತಪ್ಪದೆ ಹೇಳಿ.

ರಾತ್ರಿ ಮತ್ತು ಬೆಳಗು

ಮಲಗಿದ ಹದಿನೈದು ನಿಮಿಷಕ್ಕೆ ಒಮ್ಮೆ ಎದ್ದು ಪಟ್ಟಿ ನೋಡಿ. ಗಂಟು ಬಿಗಿದು, ಪಟ್ಟಿ ತೊಗಟೆಗೆ ಕೂತು, ಹ್ಯಾಮಕ್ ತುಸು ಇಳಿದಿರುತ್ತದೆ. ಆಗಲೇ ಸರಿಮಾಡಿದರೆ ನಡುರಾತ್ರಿ ಏಳಬೇಕಿಲ್ಲ. ತೂಗಾಟದಿಂದ ತಲೆ ಸುತ್ತುವವರು ಹ್ಯಾಮಕ್‌ನ ಅಂಚಿನಿಂದ ಒಂದು ದಾರವನ್ನು ನೆಲದ ಗೂಟಕ್ಕೆ ಸಡಿಲವಾಗಿ ಕಟ್ಟಿಕೊಳ್ಳಲಿ. ಒಬ್ಬರ ಮೇಲೊಬ್ಬರಂತೆ ಎರಡು ಹ್ಯಾಮಕ್ ಕಟ್ಟಬೇಡಿ, ಮೇಲಿನದು ಕಳಚಿದರೆ ಇಬ್ಬರಿಗೂ ಪೆಟ್ಟು. ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದೂ ಬೇಡ. ಬಟ್ಟೆಯ ಮಡಿಕೆ ಮೂಗಿಗೆ ಅಡ್ಡವಾಗಬಹುದು.

ದೂರದ ಊರಿಗೆ ಹೋಗುವ ಮೊದಲು ಮನೆಯ ಹತ್ತಿರ, ಬೇಕೆಂದರೆ ಎದ್ದು ಒಳಗೆ ಹೋಗಬಹುದಾದ ಜಾಗದಲ್ಲಿ ಎರಡು ರಾತ್ರಿ ಮಲಗಿ ನೋಡಿ. ರಿಡ್ಜ್‌ಲೈನಿನ ಅಳತೆ, ತಲೆ ಎಡವೋ ಬಲವೋ, ದಿಂಬಿನ ದಪ್ಪ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಬೆಳಿಗ್ಗೆ ಬಿಚ್ಚುವಾಗ ಕೊನೆಗೆ ತೆಗೆಯಬೇಕಾದದ್ದು ತಾಡಪಾಲು. ಅದರ ಮರೆಯಲ್ಲಿ ಹ್ಯಾಮಕ್, ಕಂಬಳಿ ಒಣಗಿದ್ದಂತೆಯೇ ಚೀಲ ಸೇರಲಿ. ಒದ್ದೆ ತಾಡಪಾಲನ್ನು ಬೇರೆ ಚೀಲಕ್ಕೆ ಹಾಕಿ. ಪಟ್ಟಿ ಬಿಚ್ಚಿ ಕೊಡವಿದ ಮೇಲೆ ತೊಗಟೆಯನ್ನು ಒಮ್ಮೆ ಸವರಿ ನೋಡಿ. ಗುರುತು ಬಿದ್ದಿದ್ದರೆ ಮುಂದಿನ ಸಲ ಪಟ್ಟಿ ಇನ್ನೂ ಅಗಲ ಬೇಕು. ಮನೆಗೆ ಬಂದ ದಿನವೇ ಎಲ್ಲವನ್ನೂ ನೆರಳಿನಲ್ಲಿ ಹರವಿ. ಬಿಸಿಲಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ, ಒದ್ದೆ ಮಡಚಿಟ್ಟರೆ ಮಲೆನಾಡಿನ ಬೂಷ್ಟು ವಾರದೊಳಗೆ ಹಿಡಿಯುತ್ತದೆ.